ಹೆನ್ರಿ ಕಸಿನ್ಸ್

ಹೆನ್ರಿ ಕಸಿನ್ಸ್ (1854–1933) ಬ್ರಿಟಿಷ್ ಆಡಳಿತದ ಕಾಲದಲ್ಲಿ ಪಶ್ಚಿಮ ಭಾರತದ ಪ್ರಾಚೀನ ಸ್ಮಾರಕಗಳ ಸಮೀಕ್ಷೆ ನಡೆಸಿದ ಪುರಾತತ್ತ್ವಜ್ಞ, ಛಾಯಾಗ್ರಾಹಕ ಮತ್ತು ಗ್ರಂಥಕರ್ತ. ಇವರು ಸ್ಕಾಟ್ಲೆಂಡ್ ಮೂಲದವರು. ಭಾರತೀಯ ಪುರಾತತ್ತ್ವ ಸಮೀಕ್ಷೆಯ ಪಶ್ಚಿಮ ವಲಯದ ಅಧೀಕ್ಷಕರಾಗಿದ್ದ ಇವರು ಅಂದಿನ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ದೇವಾಲಯಗಳನ್ನು ಅಳೆದು, ನಕ್ಷೆ ಬರೆಯಿಸಿ, ಛಾಯಾಚಿತ್ರಗಳಲ್ಲಿ ದಾಖಲಿಸಿದರು. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ ತಾಲ್ಲೂಕಿನ ಬಂಕಾಪುರ, ಹಿಂದೆ ಹಿರೇಕೆರೂರು ತಾಲ್ಲೂಕಿನಲ್ಲಿದ್ದ ರಟ್ಟೀಹಳ್ಳಿ ಮೊದಲಾದ ಊರುಗಳ ಗುಡಿಗಳು ಒಂದು ಶತಮಾನಕ್ಕೂ ಹಿಂದೆ ಯಾವ ಸ್ಥಿತಿಯಲ್ಲಿದ್ದವು ಎಂಬುದನ್ನು ತಿಳಿಯಲು ಇವರ ಚಿತ್ರಗಳೂ ಗ್ರಂಥಗಳೂ ಮುಖ್ಯ ಆಧಾರಗಳಾಗಿವೆ. 1926ರಲ್ಲಿ ಪ್ರಕಟವಾದ ‘ದ ಚಾಲುಕ್ಯನ್ ಆರ್ಕಿಟೆಕ್ಚರ್ ಆಫ್ ದ ಕೆನರೀಸ್ ಡಿಸ್ಟ್ರಿಕ್ಟ್ಸ್’ ಇವರ ಪ್ರಸಿದ್ಧ ಕೃತಿ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತರಾದ ಐರಿಷ್ ಕವಿ ಜೇಮ್ಸ್ ಕಸಿನ್ಸ್ (1873–1956) ಬೇರೆ ವ್ಯಕ್ತಿ. ಮೈಸೂರಿನಲ್ಲಿ ತರುಣ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆ ನೀಡಿದವರು ಜೇಮ್ಸ್ ಕಸಿನ್ಸ್.

ಹಿನ್ನೆಲೆ

ಕನ್ನಡ ನಾಡಿನ ದೇವಾಲಯಗಳನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವ ಕಾರ್ಯ ಕಸಿನ್ಸ್ ಅವರಿಗಿಂತ ಮುಂಚೆಯೇ ಆರಂಭವಾಗಿತ್ತು. 1855ರಲ್ಲಿ ಮುಂಬೈ ಸರಕಾರವು ಸೇನಾಧಿಕಾರಿ ಥಾಮಸ್ ಬಿಗ್ಸ್ ಅವರನ್ನು ಈ ಕೆಲಸಕ್ಕೆ ನೇಮಿಸಿತು. ಅವರು ಸೈನ್ಯದ ಸೇವೆಗೆ ಹಿಂದಿರುಗಿದ ಮೇಲೆ ವೈದ್ಯಾಧಿಕಾರಿ ಡಾ. ಪಿಗೌ ಅದನ್ನು ಮುಂದುವರಿಸಿದರು. ಇವರಿಬ್ಬರ ಹಾಗೂ ಡಾ. ನೀಲ್ ಅವರ ಚಿತ್ರಗಳನ್ನೊಳಗೊಂಡ ಧಾರವಾಡ ಮತ್ತು ಮೈಸೂರು ಪ್ರದೇಶಗಳ ವಾಸ್ತುಶಿಲ್ಪದ ಸಂಪುಟವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಮೆಡೋಸ್ ಟೇಲರ್ ಇತಿಹಾಸದ ಭಾಗವನ್ನೂ ಜೇಮ್ಸ್ ಫರ್ಗ್ಯುಸನ್ ವಾಸ್ತುವಿನ ಟಿಪ್ಪಣಿಗಳನ್ನೂ ಬರೆದರು.

ಆ ಸಂಪುಟ ಸುಂದರವಾಗಿದ್ದರೂ ಅದು ಆಯ್ದ ನೋಟಗಳ ಸಂಗ್ರಹವಾಗಿತ್ತು. ಊರೂರು ತಿರುಗಿ, ಪ್ರತಿಯೊಂದು ಗುಡಿಯ ತಳವಿನ್ಯಾಸವನ್ನು ಅಳೆದು, ಶಾಸನಗಳನ್ನು ಗುರುತಿಸಿ, ಚಿತ್ರಗಳೊಡನೆ ವರದಿ ಸಿದ್ಧಪಡಿಸುವ ಕ್ರಮ ಬಂದದ್ದು ಜೇಮ್ಸ್ ಬರ್ಜೆಸ್ ಅವರ ನೇತೃತ್ವದ ಪಶ್ಚಿಮ ಭಾರತ ಪುರಾತತ್ತ್ವ ಸಮೀಕ್ಷೆಯಿಂದ. 1874ರಲ್ಲಿ ಅದರ ಮೊದಲ ಋತುವಿನ ಕಾರ್ಯ ನಡೆದದ್ದು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿಯೇ. ಅದೇ ಕಾಲಘಟ್ಟದಲ್ಲಿ ಜಾನ್ ಫೇಯ್ತ್‌ಫುಲ್ ಫ್ಲೀಟ್ ಈ ಭಾಗದ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸುತ್ತಿದ್ದರು. ಶಾಸನಗಳಿಂದ ಅರಸರ ಹೆಸರು ಮತ್ತು ಕಾಲ ದೊರೆಯುತ್ತಿದ್ದವು. ಕಟ್ಟಡಗಳ ಸ್ವರೂಪವನ್ನು ದಾಖಲಿಸುವ ಕೆಲಸ ಬಹುಮಟ್ಟಿಗೆ ಉಳಿದಿತ್ತು.

ವೃತ್ತಿಜೀವನ

ಕಸಿನ್ಸ್ 1881ರಲ್ಲಿ ಬರ್ಜೆಸ್ ಅವರ ಸಹಾಯಕರಾಗಿ ಸಮೀಕ್ಷೆಯನ್ನು ಸೇರಿದರು. ಬರ್ಜೆಸ್ 1889ರಲ್ಲಿ ನಿವೃತ್ತರಾದ ಮೇಲೆ ಸಮೀಕ್ಷೆಯ ವ್ಯವಸ್ಥೆ ಸ್ವಲ್ಪ ಕಾಲ ದುರ್ಬಲವಾಯಿತು. 1891ರಿಂದ ಪಶ್ಚಿಮ ಭಾಗದ ಹೊಣೆ ಕಸಿನ್ಸ್ ಅವರದಾಯಿತು. 1910ರಲ್ಲಿ ನಿವೃತ್ತರಾಗುವವರೆಗೂ ಅವರು ಈ ಹೊಣೆಯನ್ನು ನಿರ್ವಹಿಸಿದರು. ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಮತ್ತು ಸಿಂಧ್ ಪ್ರದೇಶಗಳಲ್ಲಿ ಹರಡಿದ್ದ ವಿಸ್ತಾರವಾದ ವಲಯ ಅವರದಾಗಿತ್ತು.

ಲಾರ್ಡ್ ಕರ್ಜನ್ ವೈಸರಾಯ್ ಆಗಿ ಬಂದ ಮೇಲೆ ಪುರಾತತ್ತ್ವ ಇಲಾಖೆಗೆ ಹೊಸ ಚೈತನ್ಯ ದೊರೆಯಿತು. 1902ರಲ್ಲಿ ಜಾನ್ ಮಾರ್ಷಲ್ ಮಹಾನಿರ್ದೇಶಕರಾದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಅದೇ ವರ್ಷ ದೇವದತ್ತ ರಾಮಕೃಷ್ಣ ಭಂಡಾರಕರ್ ಪಶ್ಚಿಮ ವಲಯದಲ್ಲಿ ಕಸಿನ್ಸ್ ಅವರ ಸಹಾಯಕರಾಗಿ ಸೇರಿದರು. ಮುಂದೆ ಅಧೀಕ್ಷಕರ ಸ್ಥಾನಕ್ಕೆ ಬಂದವರೂ ಅವರೇ. ಸೇವೆಯ ಕೊನೆಯ ವರ್ಷಗಳಲ್ಲಿ ಕಸಿನ್ಸ್ ಸಿಂಧ್ ಪ್ರದೇಶದ ಬ್ರಾಹ್ಮಣಾಬಾದ್–ಮನ್ಸೂರಾದಲ್ಲಿಯೂ ಮೀರ್‌ಪುರ್ ಖಾಸ್‌ನ ಬೌದ್ಧ ಸ್ತೂಪದಲ್ಲಿಯೂ ಉತ್ಖನನ ನಡೆಸಿದರು.

ಹಾನಗಲ್ಲು, ಬಂಕಾಪುರ ಮತ್ತು ರಟ್ಟೀಹಳ್ಳಿ

ಕಸಿನ್ಸ್ ಅವರ ಕಾಲದ ಆಡಳಿತ ವಿಭಾಗಗಳು ಇಂದಿನಂತಿರಲಿಲ್ಲ. 1997ರಲ್ಲಿ ರೂಪುಗೊಂಡ ಹಾವೇರಿ ಜಿಲ್ಲೆಯ ಈ ಭಾಗವೆಲ್ಲ ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿಗ್ಗಾವಿ ಊರು ಬಂಕಾಪುರ ತಾಲ್ಲೂಕಿನ ಕೇಂದ್ರವಾಗಿತ್ತು. ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರವಾಗಿತ್ತು. ಸವಣೂರು ಧಾರವಾಡ ಜಿಲ್ಲೆಯ ನಡುವೆ ಇದ್ದ ಚಿಕ್ಕ ನವಾಬಿ ಸಂಸ್ಥಾನ. ಆದ್ದರಿಂದ ಹಳೆಯ ಸಮೀಕ್ಷಾ ಪಟ್ಟಿಗಳಲ್ಲಿ ರಟ್ಟೀಹಳ್ಳಿಯನ್ನು ಹುಡುಕುವವರು ಹಿರೇಕೆರೂರು ಎಂಬ ಶೀರ್ಷಿಕೆಯ ಬದಲು ಕೋಡ ತಾಲ್ಲೂಕಿನ ಅಡಿಯಲ್ಲಿ ನೋಡಬೇಕಾಗುತ್ತದೆ.

ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ಲು ಎಂದು ಕರೆಯಲ್ಪಟ್ಟ ಊರು. ಕಲ್ಯಾಣ ಚಾಲುಕ್ಯರ ಅಧೀನದಲ್ಲಿ ಆಳಿದ ಕದಂಬ ಶಾಖೆಯೊಂದರ ರಾಜಧಾನಿ. ಇಲ್ಲಿಯ ತಾರಕೇಶ್ವರ ದೇವಾಲಯದ ತೆರೆದ ಮಂಟಪದ ಮೇಲ್ಛಾವಣಿಯು ಪ್ರಸಿದ್ಧವಾಗಿದೆ. ಒಂದರ ಮೇಲೊಂದು ಮುಂಚಾಚುತ್ತ, ಮೇಲಕ್ಕೆ ಹೋದಂತೆ ಕಿರಿದಾಗುವ ಕಲ್ಲಿನ ಬಳೆಗಳಿಂದ ಇದು ರಚಿತವಾಗಿದೆ. ನಡುವೆ ಕಮಲವು ಕೆಳಮುಖವಾಗಿ ಇಳಿಬಿದ್ದಿದೆ. ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿ ಎಂದು ಕರೆಯುತ್ತಾರೆ. ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯವು ಮೂರು ಗರ್ಭಗುಡಿಗಳುಳ್ಳ ತ್ರಿಕೂಟ. ಕಸಿನ್ಸ್ ಅವರ ಅಧ್ಯಯನದಲ್ಲಿ ಇವುಗಳೊಡನೆ ಹಾವೇರಿಯ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ, ಚೌಡದಾನಪುರದ ಮುಕ್ತೇಶ್ವರ ದೇವಾಲಯಗಳೂ ಲಕ್ಕುಂಡಿ, ಗದಗ, ಡಂಬಳ, ಇಟಗಿ, ಕುಕ್ಕನೂರು ಮೊದಲಾದ ಊರುಗಳ ಗುಡಿಗಳೂ ಸೇರಿವೆ.

ಪುಣೆಯನ್ನು ಕೇಂದ್ರವಾಗಿಟ್ಟುಕೊಂಡ ಸಮೀಕ್ಷೆಯ ತಂಡವು ಮಳೆಗಾಲ ಮುಗಿದ ಮೇಲೆ ಪ್ರವಾಸಕ್ಕೆ ಹೊರಟು, ಬೇಸಿಗೆ ಬಲಿಯುವ ಮುನ್ನ ಹಿಂದಿರುಗುವುದು ವಾಡಿಕೆ. ಮಳೆಗಾಲದ ತಿಂಗಳುಗಳು ನಕ್ಷೆಗಳನ್ನು ತಿದ್ದುವುದಕ್ಕೂ ವರದಿ ಬರೆಯುವುದಕ್ಕೂ ಮೀಸಲು. 1880ರ ದಶಕದಲ್ಲಿ ಧಾರವಾಡ ಜಿಲ್ಲೆಗೆ ರೈಲು ಬಂದಿತಾದರೂ ಹಾನಗಲ್ಲು ಮತ್ತು ಹಿರೇಕೆರೂರು ರೈಲುಮಾರ್ಗದಿಂದ ದೂರವೇ ಉಳಿದವು. ಮಲೆನಾಡಿನ ಸೆರಗಿನಲ್ಲಿರುವ ಈ ಊರುಗಳಿಗೆ ಗಾಜಿನ ಫಲಕಗಳನ್ನೂ ಭಾರವಾದ ಕ್ಯಾಮೆರಾ ಪೆಟ್ಟಿಗೆಗಳನ್ನೂ ಸಾಗಿಸಲು ಗಾಡಿರಸ್ತೆಯನ್ನೇ ನಂಬಬೇಕಿತ್ತು.

ಛಾಯಾಗ್ರಹಣದ ವಿಧಾನ

ಕಸಿನ್ಸ್ ಸಮೀಕ್ಷೆಗೆ ಸೇರಿದ ಕಾಲವು ಛಾಯಾಗ್ರಹಣದ ಇತಿಹಾಸದಲ್ಲಿಯೂ ಒಂದು ತಿರುವು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಹಸಿ ಫಲಕದ ವಿಧಾನದಲ್ಲಿ ಗಾಜಿಗೆ ರಾಸಾಯನಿಕವನ್ನು ಸ್ಥಳದಲ್ಲಿಯೇ ಲೇಪಿಸಿ, ಅದು ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಕತ್ತಲೆಯ ಗುಡಾರವೂ ಛಾಯಾಗ್ರಾಹಕನ ಜೊತೆಗೇ ಇರಬೇಕಿತ್ತು. 1880ರ ಸುಮಾರಿಗೆ ಜೆಲಾಟಿನ್ ಲೇಪಿಸಿದ ಒಣ ಫಲಕಗಳು ಬಳಕೆಗೆ ಬಂದವು. ಇವುಗಳನ್ನು ಮೊದಲೇ ಸಿದ್ಧಪಡಿಸಿ ಕೊಂಡೊಯ್ದು, ಚಿತ್ರ ತೆಗೆದ ಎಷ್ಟೋ ಹೊತ್ತಿನ ಬಳಿಕ ಸಂಸ್ಕರಿಸಬಹುದಾಗಿತ್ತು. ದೂರದ ಹಳ್ಳಿಗಳ ಗುಡಿಗಳನ್ನು ಕ್ರಮವಾಗಿ ದಾಖಲಿಸಲು ಇದರಿಂದ ಅನುಕೂಲವಾಯಿತು.

ಆದರೂ ಆ ಫಲಕಗಳ ಬೆಳಕು ಗ್ರಹಿಸುವ ಶಕ್ತಿ ಇಂದಿನ ಫಿಲ್ಮ್‌ಗಿಂತ ಬಹಳ ಕಡಿಮೆ. ಚಾಲುಕ್ಯ ದೇವಾಲಯಗಳು ಈ ದೃಷ್ಟಿಯಿಂದ ಛಾಯಾಗ್ರಾಹಕನಿಗೆ ಕಷ್ಟ ಕೊಡುವಂಥವು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಹೆಚ್ಚಾಗಿ ಬಳಸಿದ್ದು ಬಳಪದ ಕಲ್ಲು. ಅದು ನಯವಾದ ಕೆತ್ತನೆಗೆ ಒದಗುತ್ತದೆ. ಆದರೆ ಎಣ್ಣೆ, ಹೊಗೆ ಹಾಗೂ ಕೈಗಳ ಸ್ಪರ್ಶದಿಂದ ಕಾಲಾಂತರದಲ್ಲಿ ಕಪ್ಪಾಗುತ್ತದೆ. ತಿರುಗಣೆಯ ಮೇಲೆ ಕಡೆದ ಕಂಬಗಳ ಒಂದು ಪಕ್ಕದಲ್ಲಿ ಬೆಳಕು ಹೊಳೆಯುತ್ತಿದ್ದರೆ ಇನ್ನೊಂದು ಪಕ್ಕ ಕತ್ತಲೆಯಲ್ಲಿ ಮುಳುಗಿರುತ್ತದೆ. ತೆರೆದ ಮಂಟಪದ ಅಂಚಿನಲ್ಲಿ ಬಿಸಿಲು ಕಣ್ಣು ಕುಕ್ಕುವಾಗ, ನಡುವಣ ಛತ್ತಿನ ಕಮಲ ಮಸುಕಿನಲ್ಲಿರುತ್ತದೆ.

ಇಂಥ ಒಳಾಂಗಣದಲ್ಲಿ ಹತ್ತಿರದ ಕಂಬದಿಂದ ದೂರದ ಬಾಗಿಲುವಾಡದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಬೇಕಾದರೆ ಮಸೂರದ ರಂಧ್ರವನ್ನು ಬಹಳ ಕಿರಿದುಗೊಳಿಸಬೇಕು. ರಂಧ್ರ ಕಿರಿದಾದಷ್ಟೂ ಒಳಬರುವ ಬೆಳಕು ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಫಲಕವನ್ನು ಹೆಚ್ಚು ಹೊತ್ತು ಬೆಳಕಿಗೆ ಒಡ್ಡಬೇಕಾಗುತ್ತದೆ. ಆ ಕಾಲದ ಫಲಕಗಳಿಗೆ ಮಂದ ಬೆಳಕಿನಲ್ಲಿ ಹಲವು ಸೆಕೆಂಡುಗಳು, ಕೆಲವೊಮ್ಮೆ ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತು ಕ್ಯಾಮೆರಾವನ್ನು ಕೈಯಲ್ಲಿ ಅಲುಗದಂತೆ ಹಿಡಿಯುವುದು ಯಾರಿಂದಲೂ ಸಾಧ್ಯವಿಲ್ಲ. ಕೂದಲೆಳೆಯಷ್ಟು ಅಲುಗಿದರೂ ಕಂಬದ ಏಣುಗಳು ಜೋಡಿಗೆರೆಗಳಂತೆ ಕಾಣುತ್ತವೆ. ಶಾಸನದ ಅಕ್ಷರಗಳು ಓದಲು ಬಾರದಂತೆ ಕಲಸಿಹೋಗುತ್ತವೆ.

ಆದ್ದರಿಂದ ವಾಸ್ತು ಛಾಯಾಗ್ರಹಣದಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸುವ, ತಿದಿಯಂತಹ ಮಡಿಕೆಗಳುಳ್ಳ ಫಲಕ ಕ್ಯಾಮೆರಾವೇ ರೂಢಿಯಲ್ಲಿತ್ತು. ಛಾಯಾಗ್ರಾಹಕನು ಕಪ್ಪು ಬಟ್ಟೆಯ ಮುಸುಕಿನೊಳಗೆ ತಲೆಯಿಟ್ಟು, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಸರಿಹೊಂದಿಸಬೇಕು. ಕಟ್ಟಡದ ಗೋಡೆಗಳು ಚಿತ್ರದಲ್ಲಿ ವಾಲದಂತೆ ಕ್ಯಾಮೆರಾದ ಹಿಂಬದಿಯನ್ನು ನೆಟ್ಟಗೆ ನಿಲ್ಲಿಸಬೇಕು. ನಯವಾದ ಕಲ್ಲುಹಾಸಿನ ಮೇಲೆ ಮುಕ್ಕಾಲಿಯ ಕಾಲುಗಳು ಜಾರದಂತೆ ಊರಬೇಕು. ಅನಂತರ ಮಸೂರದ ಮುಚ್ಚಳವನ್ನು ಮೆಲ್ಲನೆ ತೆಗೆದು, ಹೊತ್ತನ್ನು ಎಣಿಸಿ, ಮತ್ತೆ ಮುಚ್ಚಬೇಕು. ಒಂದು ಚಿತ್ರಕ್ಕೆ ಹೀಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಹೀಗಾಗಿ ಎಲ್ಲಿ ನಿಂತು ಏನನ್ನು ತೆಗೆಯಬೇಕೆಂಬ ನಿರ್ಧಾರವನ್ನು ಕಟ್ಟಡವನ್ನು ಚೆನ್ನಾಗಿ ಅರಿತ ಮೇಲೆಯೇ ಕೈಗೊಳ್ಳಬೇಕಾಗುತ್ತಿತ್ತು. ಅಳತೆಯ ನಕ್ಷೆ ಮತ್ತು ಛಾಯಾಚಿತ್ರ ಎರಡನ್ನೂ ಒಟ್ಟಿಗೆ ಬಳಸಿದ ಕಸಿನ್ಸ್ ಅವರ ಕೆಲಸಕ್ಕೆ ಈ ನಿಧಾನಗತಿಯು ಪೂರಕವಾಗಿತ್ತು.

ಮಡಚುವ ಕೈಕ್ಯಾಮೆರಾಗಳ ಕಾಲ

ಕಸಿನ್ಸ್ ಅವರ ಸೇವಾವಧಿಯಲ್ಲಿಯೇ ಛಾಯಾಗ್ರಹಣವು ವೃತ್ತಿಪರರ ಕೈಯಿಂದ ಸಾಮಾನ್ಯ ಪ್ರವಾಸಿಗರ ಕೈಗೂ ಬಂದಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಅವರ ಕೊಡಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. 1890ರ ದಶಕದ ಕೊನೆಗೆ ಸುರುಳಿ ಫಿಲ್ಮ್ ಬಳಸುವ, ಮಡಚಿ ಜೇಬಿನಲ್ಲಿಡಬಹುದಾದ ಕೊಡಕ್ ಕ್ಯಾಮೆರಾಗಳು ಬಂದವು. ಮುಂದಿನ ಅರ್ಧ ಶತಮಾನ ಇಂಥ ಮಡಚುವ ಕ್ಯಾಮೆರಾಗಳು ಜಗತ್ತಿನಾದ್ಯಂತ ಬಳಕೆಯಲ್ಲಿದ್ದವು.

ಬಿಸಿಲಿನಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಮಂದ ಬೆಳಕಿನಲ್ಲಿ ಅಲುಗಾಟವೇ ಇವುಗಳ ದೊಡ್ಡ ದೋಷ. ಇದಕ್ಕೆ ಕಾರಣ ಅವುಗಳ ರಚನೆಯಲ್ಲಿಯೇ ಇದೆ. ಮಸೂರ ಮತ್ತು ಕವಾಟಗಳೆರಡೂ ತಿದಿಯ ತುದಿಯಲ್ಲಿ, ತೆಳುವಾದ ಲೋಹದ ಪಟ್ಟಿಗಳ ಆಧಾರದ ಮೇಲೆ ನಿಂತಿರುತ್ತವೆ. ಅನೇಕ ಮಾದರಿಗಳಲ್ಲಿ ಕವಾಟದ ಸನ್ನೆ ಅಲ್ಲಿಯೇ ಇರುವುದರಿಂದ ಅದನ್ನು ಒತ್ತಿದ ರಭಸವು ನೇರವಾಗಿ ಮಸೂರಕ್ಕೆ ತಾಗುತ್ತದೆ. ಕ್ಯಾಮೆರಾ ಹಗುರವಾದ್ದರಿಂದ ಕೈಯ ನಡುಕವನ್ನು ಅದು ತಡೆಯಲಾರದು. ಮಸೂರದ ನಾಭಿದೂರವು ಮಿಲಿಮೀಟರುಗಳಲ್ಲಿ ಎಷ್ಟಿದೆಯೋ ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ನಿಧಾನವಾದ ವೇಗದಲ್ಲಿ ಕೈಯಲ್ಲಿ ಹಿಡಿದು ಚಿತ್ರ ತೆಗೆಯಬಾರದೆಂಬುದು ಛಾಯಾಗ್ರಾಹಕರ ಸಾಮಾನ್ಯ ಲೆಕ್ಕ. 6×9 ಸೆಂ.ಮೀ. ಚಿತ್ರ ನೀಡುವ ಮಡಚುವ ಕ್ಯಾಮೆರಾಗಳಲ್ಲಿ ನಾಭಿದೂರ ಸುಮಾರು 105 ಮಿ.ಮೀ. ಇರುತ್ತದೆ. ಅಂದರೆ ಸೆಕೆಂಡಿನ ನೂರನೆಯ ಒಂದು ಭಾಗವಾದರೂ ಬೇಕು. ಅಗ್ಗದ ಮಾದರಿಗಳ ವೇಗ ಹೆಚ್ಚೆಂದರೆ ಅಷ್ಟೇ ಇರುತ್ತಿತ್ತು. 1/25 ಸೆಕೆಂಡಿಗೆ ಇಳಿದರೆ ಕೈಯ ಸ್ಥಿರತೆಯನ್ನು ನಂಬುವಂತಿರಲಿಲ್ಲ.

ಇಂಥ ಕ್ಯಾಮೆರಾ ಹಿಡಿಯುವವರು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಕಾಲುಗಳನ್ನು ಸ್ವಲ್ಪ ಅಗಲಿಸಿ ನಿಂತು, ಗೋಡೆಗೋ ಕಂಬಕ್ಕೋ ಒರಗುವುದು ರೂಢಿ. ಕ್ಯಾಮೆರಾದ ತೆರೆದ ಅಡಿಹಲಗೆಯನ್ನು ಎಡ ಅಂಗೈಯ ಮೇಲೆ ಇರಿಸಿಕೊಂಡು, ಹಿಂಬದಿಯನ್ನು ಮುಖಕ್ಕೋ ಎದೆಗೋ ಆನಿಸಿ, ಉಸಿರು ಬಿಟ್ಟ ಬಳಿಕದ ಕ್ಷಣದಲ್ಲಿ ಸನ್ನೆಯನ್ನು ಹಿಂಡಿದಂತೆ ಮೆಲ್ಲಗೆ ಒತ್ತಬೇಕು. ಸನ್ನೆಗೆ ತಂತಿಯ ಬಿಡುಗಡೆಯನ್ನು ಜೋಡಿಸಿದರೆ ಬೆರಳಿನ ರಭಸ ಕ್ಯಾಮೆರಾಕ್ಕೆ ತಾಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ತಾರಕೇಶ್ವರದ ನವರಂಗದಂತಹ ಕತ್ತಲೆಯ ಜಾಗಕ್ಕೆ ಅದು ಸಾಲದು; ಅಲ್ಲಿ ಕ್ಯಾಮೆರಾವನ್ನು ಕಕ್ಷಾಸನದ ಮೇಲೋ ಮುಕ್ಕಾಲಿಯ ಮೇಲೋ ಇಡಲೇಬೇಕು. ಕೈಕ್ಯಾಮೆರಾಗಳು ಸುಲಭವಾಗಿ ದೊರೆಯುವ ಕಾಲ ಬಂದ ಮೇಲೂ ಸ್ಮಾರಕಗಳ ಅಧಿಕೃತ ದಾಖಲೆಗೆ ಫಲಕ ಕ್ಯಾಮೆರಾಗಳೇ ಬಳಕೆಯಲ್ಲಿ ಉಳಿದದ್ದು ಇದೇ ಕಾರಣದಿಂದ.

ಸ್ಮಾರಕಗಳ ಪಟ್ಟಿ ಮತ್ತು ವರ್ಗೀಕರಣ

ಬರ್ಜೆಸ್ ಸಿದ್ಧಪಡಿಸಿದ್ದ ಮುಂಬೈ ಪ್ರಾಂತದ ಪ್ರಾಚೀನ ಅವಶೇಷಗಳ ಪಟ್ಟಿಯನ್ನು ಕಸಿನ್ಸ್ ಪರಿಷ್ಕರಿಸಿ 1897ರಲ್ಲಿ ಹೊರತಂದರು. ಆ ಕಾಲದ ಸರಕಾರಿ ಕ್ರಮದಲ್ಲಿ ಸ್ಮಾರಕಗಳನ್ನು ಮೂರು ವರ್ಗಗಳಲ್ಲಿ ವಿಂಗಡಿಸಲಾಗುತ್ತಿತ್ತು. ಸದಾ ಸುಸ್ಥಿತಿಯಲ್ಲಿ ಕಾಪಾಡಬೇಕಾದವು ಮೊದಲನೆಯ ವರ್ಗ. ಇನ್ನಷ್ಟು ಹಾಳಾಗದಂತೆ ತಡೆಯುವುದಷ್ಟೇ ಸಾಧ್ಯವಾದವು ಎರಡನೆಯ ವರ್ಗ. ತೀರ ಶಿಥಿಲವಾಗಿ ಅಥವಾ ಅಷ್ಟು ಮಹತ್ವದ್ದಲ್ಲವೆಂದು ರಕ್ಷಣೆಯ ಹೊರಗೆ ಉಳಿದವು ಮೂರನೆಯ ವರ್ಗ. ಒಂದು ಗುಡಿಗೆ ದುರಸ್ತಿಯ ಹಣ ದೊರೆಯುವುದೋ ಇಲ್ಲವೋ ಎಂಬುದು ಅದು ಸೇರಿದ ವರ್ಗವನ್ನು ಅವಲಂಬಿಸಿತ್ತು. ಮೂರನೆಯ ವರ್ಗಕ್ಕೆ ಸೇರಿದ ಕಟ್ಟಡಕ್ಕೆ ಸರಕಾರದಿಂದ ದೊರೆಯುತ್ತಿದ್ದುದು ಬಹುಮಟ್ಟಿಗೆ ದಾಖಲೆಯ ರಕ್ಷಣೆ ಮಾತ್ರ. ಹೀಗಾಗಿ ಅಂಥ ಕಡೆಗಳಲ್ಲಿ ಛಾಯಾಚಿತ್ರದ ಸ್ಪಷ್ಟತೆಗೆ ವಿಶೇಷ ಬೆಲೆಯಿತ್ತು: ಮಸುಕಾದ ಚಿತ್ರವನ್ನು ಮತ್ತೆ ತೆಗೆಯುವ ಹೊತ್ತಿಗೆ ಕಟ್ಟಡವೇ ಬಿದ್ದುಹೋಗಿರುವ ಸಾಧ್ಯತೆಯಿತ್ತು.

ಕೃತಿಗಳು

ಕಸಿನ್ಸ್ ಅವರ ಆರಂಭದ ಪುಸ್ತಕಗಳಲ್ಲೊಂದು ಆದಿಲಶಾಹಿ ಅರಸರ ರಾಜಧಾನಿ ವಿಜಾಪುರವನ್ನು ಕುರಿತ ಕೈಪಿಡಿ (1889). ಆ ನಗರದ ಕಟ್ಟಡಗಳ ಸಮಗ್ರ ಅಧ್ಯಯನವಾದ ‘ಬಿಜಾಪುರ್ ಅಂಡ್ ಇಟ್ಸ್ ಆರ್ಕಿಟೆಕ್ಚರಲ್ ರಿಮೇನ್ಸ್’ 1916ರಲ್ಲಿ ಬಂದಿತು. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥವು ಪುರಾತತ್ತ್ವ ಸಮೀಕ್ಷೆಯ ಹೊಸ ಇಂಪೀರಿಯಲ್ ಮಾಲೆಯ 42ನೆಯ ಸಂಪುಟವಾಗಿ 1926ರಲ್ಲಿ ಕಲಕತ್ತೆಯಿಂದ ಪ್ರಕಟವಾಯಿತು. ಸಿಂಧ್ ಪ್ರದೇಶದ ಪ್ರಾಚೀನಾವಶೇಷಗಳನ್ನು ಕುರಿತ ಸಂಪುಟ 1929ರಲ್ಲಿಯೂ, ದಖನ್ನಿನ ಮಧ್ಯಕಾಲೀನ ದೇವಾಲಯಗಳನ್ನು ಹಾಗೂ ಸೋಮನಾಥ ಮತ್ತು ಕಾಠಿಯಾವಾಡದ ದೇವಾಲಯಗಳನ್ನು ಕುರಿತ ಸಂಪುಟಗಳು 1931ರಲ್ಲಿಯೂ ಹೊರಬಂದವು. ಈ ದೊಡ್ಡ ಸಂಪುಟಗಳೆಲ್ಲ ನಿವೃತ್ತಿಯ ಅನಂತರ ಪ್ರಕಟವಾದವು ಎಂಬುದು ಗಮನಾರ್ಹ. ಕ್ಷೇತ್ರಕಾರ್ಯದ ದಶಕಗಳಲ್ಲಿ ತೆಗೆದ ಚಿತ್ರಗಳೂ ಬರೆಯಿಸಿದ ನಕ್ಷೆಗಳೂ ಇವುಗಳಿಗೆ ಆಧಾರ ಸಾಮಗ್ರಿಯಾದವು.

ಮಿತಿಗಳು

ಆಗಿನ ರಾಜಕೀಯ ಗಡಿಗಳಿಂದಾಗಿ ಕನ್ನಡ ನಾಡಿನ ಸ್ಮಾರಕಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಭಾಗದ ಚಾಲುಕ್ಯ ದೇವಾಲಯಗಳನ್ನು ಅಲೆಕ್ಸಾಂಡರ್ ರೀ ಅಧ್ಯಯನ ಮಾಡಿ 1896ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನಕ್ಕೆ ತನ್ನದೇ ಪುರಾತತ್ತ್ವ ಇಲಾಖೆಯಿತ್ತು. ಒಂದೇ ಶೈಲಿಯ ಗುಡಿಗಳು ಬೇರೆ ಬೇರೆ ಕಚೇರಿಗಳ ಕಡತಗಳಿಗೆ ಸೇರಿದ್ದರಿಂದ ಕಸಿನ್ಸ್ ಅವರ ಗ್ರಂಥವೂ ಇಡೀ ಕರ್ನಾಟಕದ ಚಿತ್ರವನ್ನು ನೀಡುವುದಿಲ್ಲ. ಚಾಲುಕ್ಯ ಎಂಬ ಶೈಲಿಯ ಹೆಸರನ್ನು ಅವರು ಫರ್ಗ್ಯುಸನ್ ಅವರ ಪರಂಪರೆಯಿಂದ ಪಡೆದರು. ಆಡಮ್ ಹಾರ್ಡಿ ಮತ್ತು ಗೆರಾರ್ಡ್ ಫೂಕೆಮಾ ಮೊದಲಾದ ನಂತರದ ವಿದ್ವಾಂಸರು ರಾಜವಂಶದ ಹೆಸರಿಗಿಂತ ದೇವಾಲಯದ ಅಂಗಗಳ ರಚನೆಯನ್ನೇ ಆಧಾರವಾಗಿಟ್ಟುಕೊಂಡು ಈ ಪರಂಪರೆಯ ಬೆಳವಣಿಗೆಯನ್ನು ವಿವರಿಸಿದ್ದಾರೆ.

ಇನ್ನೊಂದು ಮಿತಿ ಆ ಕಾಲದ ಎಲ್ಲ ಸರಕಾರಿ ಸಮೀಕ್ಷೆಗಳಿಗೂ ಅನ್ವಯಿಸುತ್ತದೆ. ಅಳತೆಪಟ್ಟಿ ಹಿಡಿದ, ನಕ್ಷೆ ಬರೆದ, ಪೆಟ್ಟಿಗೆಗಳನ್ನು ಹೊತ್ತ ಭಾರತೀಯರ ದುಡಿಮೆ ಈ ಸಂಪುಟಗಳ ಹಿಂದೆ ಇದೆ. ಮುಖಪುಟದಲ್ಲಿ ಅಧಿಕಾರಿಯ ಹೆಸರು ಮಾತ್ರ ಇದೆ. ಚಿತ್ರಗಳಲ್ಲಿ ಗುಡಿಯು ಪ್ರಾಚೀನ ಅವಶೇಷವಾಗಿ ಕಾಣುತ್ತದೆ. ಅಲ್ಲಿ ಪೂಜೆ, ಜಾತ್ರೆಗಳನ್ನು ನಡೆಸಿಕೊಂಡು ಬಂದ ಊರಿನವರ ಬದುಕಿಗೆ ಈ ದಾಖಲೆಯಲ್ಲಿ ಸಿಕ್ಕಿರುವ ಸ್ಥಳ ಕಡಿಮೆ.

ಪ್ರಾಮುಖ್ಯ

ಕಸಿನ್ಸ್ 1933ರಲ್ಲಿ ನಿಧನರಾದರು. ಅವರ ಹಾಗೂ ಸಮೀಕ್ಷೆಯ ಇತರ ಛಾಯಾಗ್ರಾಹಕರ ಚಿತ್ರಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿವೆ. ಅವರ ಶೈಲಿವಿಂಗಡಣೆಯನ್ನು ನಂತರದವರು ಬದಲಾಯಿಸಿದ್ದಾರೆ, ಕಾಲನಿರ್ಣಯಗಳನ್ನು ತಿದ್ದಿದ್ದಾರೆ. ಆದರೆ ಚಿತ್ರಗಳ ಮತ್ತು ಅಳತೆಯ ನಕ್ಷೆಗಳ ಉಪಯುಕ್ತತೆ ಕುಗ್ಗಿಲ್ಲ. ಹಾನಗಲ್ಲಿನ ಛತ್ತಿನಲ್ಲಾಗಲಿ ಬಂಕಾಪುರದ ಕಂಬಸಾಲಿನಲ್ಲಾಗಲಿ ಯಾವ ಕಲ್ಲು ಮೂಲದ್ದು, ಯಾವುದು ಅನಂತರದ ದುರಸ್ತಿಯದ್ದು, ಯಾವ ಕೆತ್ತನೆ ಈಚೆಗೆ ಮುಕ್ಕಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಹಳೆಯ ಚಿತ್ರವನ್ನು ಇಂದಿನ ಕಟ್ಟಡದ ಜೊತೆ ಹೋಲಿಸಬೇಕಾಗುತ್ತದೆ. ಕ್ಯಾಮೆರಾ ಅಲುಗದೆ ನಿಂತು ತೆಗೆದ ಚಿತ್ರದಲ್ಲಿ ಮಾತ್ರ ಅಂಥ ಹೋಲಿಕೆಗೆ ಬೇಕಾದ ಸೂಕ್ಷ್ಮ ವಿವರ ಉಳಿದಿರುತ್ತದೆ. ಈ ಕಾರಣದಿಂದ ಹಾವೇರಿ ಜಿಲ್ಲೆಯ ದೇವಾಲಯಗಳ ಅಧ್ಯಯನಕ್ಕೆ ತೊಡಗುವ ವಿದ್ಯಾರ್ಥಿಗಳು ಇಂದಿಗೂ ಕಸಿನ್ಸ್ ಅವರ ಸಂಪುಟವನ್ನು ಆರಂಭದ ಆಕರವಾಗಿ ಬಳಸಬಹುದು.